ಫ್ರಿಜ್ಜು ತೊಳೆದದ್ದು

ಆ ದೀಪಾವಳಿಯಲ್ಲಿ ನಮ್ಮ ಮನೆಯ ಫ್ರಿಜ್ಜನ್ನು ಎರಡು ಸಲ ತೊಳೆಯಲಾಯಿತು. ಮೊದಲ ಸಲ ದೊಡ್ಡವ್ವ ತೊಳೆದಳು, ಎರಡನೆಯ ಸಲ ತಂಗಿ. ನಡುವೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ವಾಕರಿಕೆ ಬರುತ್ತದೆ. ಆ ವಾಕರಿಕೆಯೇ ನೆನಪನ್ನು ಅಲ್ಲಲ್ಲಿ ತಿರುಚಿರಬಹುದು ಎಂಬ ಅನುಮಾನವೂ ಇದೆ. ಖಾತ್ರಿ ಇಲ್ಲದ ಕಡೆ ಇಲ್ಲವೆಂದೇ ಬರೆಯುತ್ತೇನೆ.

ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತೇನೆ. ಜೊತೆಗೆ ಸಂಶೋಧನೆಯೂ ನಡೆದಿದೆ. ನಮ್ಮ ಬನಹಟ್ಟಿಯಲ್ಲಿ ನೂಲಿಗೆ ಹಾಕುವ ಬಣ್ಣಗಳು ಯಕೃತ್ತಿನ ಜೀವಕೋಶಗಳಿಗೆ ಏನು ಮಾಡುತ್ತವೆ ಎಂಬುದು ನನ್ನ ವಿಷಯ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯನ ಜೀವಕೋಶಗಳಿಗೆ ಬಣ್ಣ ಸೋಕಿಸಿ, ಅವುಗಳಲ್ಲಿ ಒಂದು ಕಿಣ್ವ ಹೆಚ್ಚಿತೇ ಎಂದು ನೋಡಬೇಕು. ಆ ಕಿಣ್ವವನ್ನು ಹುಡುಕಿ ಹಿಡಿಯಲು ಪ್ರತಿಕಾಯ ಬೇಕು. ಮನುಷ್ಯನ ಕಿಣ್ವದ ತುಣುಕನ್ನು ಮೊಲಕ್ಕೆ ಚುಚ್ಚುತ್ತಾರೆ. ಇದು ನನ್ನದಲ್ಲ ಎಂದು ಗುರುತಿಸಿ ಮೊಲದ ಮೈ ಅದರ ವಿರುದ್ಧ ಸಿದ್ಧಮಾಡಿಕೊಳ್ಳುವ ವಸ್ತುವೇ ಪ್ರತಿಕಾಯ. ಆಮೇಲೆ ಮೊಲದ ರಕ್ತ ತೆಗೆದು, ಅದರಿಂದ ಅದನ್ನು ಬೇರ್ಪಡಿಸಿ, ಕಿರುಬೆರಳಿನ ತುದಿಯಷ್ಟು ಶೀಶೆಯಲ್ಲಿ ತುಂಬಿ ಮಾರುತ್ತಾರೆ. ನೋಡಲು ಬರೀ ನೀರು. ತಣ್ಣಗಿರದಿದ್ದರೆ ಕೆಡುತ್ತದೆ. ಸಂಶೋಧನೆಗೆ ಮಾತ್ರ, ರೋಗ ಪತ್ತೆಗೆ ಅಲ್ಲ ಎಂದು ಶೀಶೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ.

ರಜೆಯ ಹಿಂದಿನ ದಿನ ಕಾಲೇಜಿನ ಫ್ರೀಜರ್ ಕೆಟ್ಟಿತು. ಹಬ್ಬ ಮುಗಿಸಿಯೇ ಬರುವುದಾಗಿ ರಿಪೇರಿಯವನು ಹೇಳಿದ. ನಾನು ಶೀಶೆಯನ್ನು ಬರ್ಫ ತುಂಬಿದ ಥರ್ಮಾಸಿನಲ್ಲಿಟ್ಟುಕೊಂಡು ಬನಹಟ್ಟಿಯ ಬಸ್ಸು ಹತ್ತಿದೆ. ಮನೆಯ ಫ್ರೀಜರಿನ ಮೂಲೆಯಲ್ಲಿ ಇಟ್ಟು, ಇದನ್ನು ಯಾರೂ ಮುಟ್ಟಬೇಡಿ ಎಂದು ಹೇಳಿದೆ. ಅಷ್ಟು ಹೇಳಿದ್ದೇ ತಪ್ಪಾಯಿತೇನೋ.

ಮನೆಯಲ್ಲಿ ನಾವು ನಾಲ್ವರು. ಅಪ್ಪ ಅವ್ವ ಹೋದ ಮೇಲೆ ನನ್ನನ್ನೂ ತಂಗಿಯನ್ನೂ ಬೆಳೆಸಿದವಳು ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಅಪ್ಪನ ತಮ್ಮ, ನಮ್ಮ ಕಾಕಾ, ಮನೆಯ ಪವರ್‌ಲೂಮ್‌ಗಳನ್ನು ನಡೆಸುತ್ತಾನೆ. ಮದುವೆಯಾಗದ ಅವನಿಗೆ ನಮ್ಮ ಮದುವೆಗಳದ್ದೇ ಚಿಂತೆ. ನನ್ನದರ ಆಸೆ ಬಿಟ್ಟು ತಂಗಿಯದರ ಬೆನ್ನು ಹತ್ತಿದ್ದ.

ಮರುದಿನ ನಾನು ಪೇಟೆಗೆ ಹೋದಾಗ ದೊಡ್ಡವ್ವ ಶೀಶೆ ತೆಗೆದು, ಮೇಲೆ ಏನು ಬರೆದಿದೆ ಓದು ಎಂದು ತಂಗಿಗೆ ಕೊಟ್ಟಳಂತೆ. ತಂಗಿ ನಗುತ್ತ ಓದಿದಳಂತೆ: ಮೊಲ, ಮನುಷ್ಯ. ಮೊಲದ ರಕ್ತದಿಂದ ಮಾಡುತ್ತಾರೆಂದು ಹಿಂದೆ ನನ್ನಿಂದ ಕೇಳಿದ್ದನ್ನೂ ಹೇಳಿದಳಂತೆ. ನಾನು ಮರಳಿದಾಗ ಫ್ರಿಜ್ಜಿನ ಬಾಗಿಲು ಹಾರುಹೊಡೆದಿತ್ತು. ಹಾಲು ಬಚ್ಚಲಿಗೆ ಹೋಗಿತ್ತು, ಮೊಸರೂ ಹೋಗಿತ್ತು, ಹೆಪ್ಪನ್ನು ಪಕ್ಕದ ಮನೆಯಿಂದ ಇಸಿದುಕೊಂಡು ಬಂದಾಗಿತ್ತು. ಕಪಾಟುಗಳನ್ನೆಲ್ಲ ಹೊರಗೆ ತೆಗೆದು ಸೋಪು ಹಚ್ಚಿ ತಿಕ್ಕಿ, ಮೇಲೆ ವಿಭೂತಿ ಕಲಸಿದ ನೀರು ಚಿಮುಕಿಸಿದ್ದಳು. ನನ್ನ ಶೀಶೆ ಹಿತ್ತಲ ಗೋಡೆಯ ಮೇಲೆ ಬಿಸಿಲಿನಲ್ಲಿತ್ತು. ಮುಟ್ಟಿದರೆ ಬೆಚ್ಚಗಿತ್ತು.

ನಮ್ಮ ಮನೆಯಲ್ಲಿ ಮುಟ್ಟು ಮೈಲಿಗೆ ನೋಡುವುದಿಲ್ಲ. ಕೊರಳಲ್ಲಿ ಲಿಂಗ ಇದ್ದವರಿಗೆ ಸೂತಕವಿಲ್ಲ ಎಂದು ದೊಡ್ಡವ್ವ ಬಂದವರ ಮುಂದೆ ಹೆಮ್ಮೆಯಿಂದ ಹೇಳುತ್ತಾಳೆ. ನಾನು ದೊಡ್ಡವಳಾದಾಗ ಒಂದು ದಿನವೂ ಮೂಲೆಯಲ್ಲಿ ಕೂರಿಸಲಿಲ್ಲ, ಅದು ನಿಜ. ಈಗ ಫ್ರಿಜ್ಜು ತಿಕ್ಕಿದವಳೂ ಅದೇ ದೊಡ್ಡವ್ವ.

ಅದು ರಕ್ತವಲ್ಲ, ರಕ್ತದಿಂದ ತೆಗೆದದ್ದು ಎಂದು ಹೇಳಿದೆ.

“ತುಪ್ಪ ಹಾಲಿಂದಲ್ಲೇನ ಮತ್ತ?” ಎಂದಳು ದೊಡ್ಡವ್ವ. “ಮೊಲಕ್ಕ ಚುಚ್ಚಿ ಚುಚ್ಚಿ ರಕ್ತಾ ಬಸದು ಬಾಟ್ಲ್ಯಾಗ ತುಂಬ್ಯಾರ. ಅದನ್ನ ತಂದು ಹೆಪ್ಪಿನ ಬಾಜೂ ಇಟ್ಟೀಯಲ್ಲ. ಹೇಸಿಕಿ ಬರೂದಿಲ್ಲೇನ ನಿನಗ?”

ಓದುವಾಗ ಒಮ್ಮೆ ಮೊಲದ ಕಿವಿಯಿಂದ ರಕ್ತ ತೆಗೆಯುವುದನ್ನು ನೋಡಿದ್ದೆ. ಕಿವಿ ತೆಳ್ಳಗೆ, ಬೆಳಕಿಗೆ ಕೆಂಪಗೆ ಕಂಡಿತ್ತು. ಆ ದಿನ ಊಟ ಸೇರಿರಲಿಲ್ಲ. ಅದನ್ನು ಅವಳಿಗೆ ಹೇಳುವ ಬದಲು ನಾನು ಸಿಟ್ಟಿನಿಂದ ಶೀಶೆಯ ದೊಡ್ಡಸ್ತಿಕೆ ಹೇಳತೊಡಗಿದೆ. ಇದು ಯಕೃತ್ತಿನ ಕಿಣ್ವವನ್ನು ಹಿಡಿಯುತ್ತದೆ, ಯಕೃತ್ತಿಗೆ ಪೆಟ್ಟಾದರೆ ಆ ಕಿಣ್ವ ಏರುತ್ತದೆ, ಕುಡಿಯುವವರಲ್ಲಿ ಏರುತ್ತದೆ, ಬಣ್ಣದ ಕೆಲಸದವರಲ್ಲಿ ಏನಾಗುತ್ತದೆಂದು ನೋಡಬೇಕಿದೆ ಎಂದೆ. ಕಾಕಾ ಬಾಗಿಲಲ್ಲಿ ನಿಂತಿದ್ದ.

“ಕುಡ್ಯಾವರದು ಗೊತ್ತಾಗತೈತೇನ ಅದರಾಗ?” ಎಂದ.

ಅದು ಹಾಗಲ್ಲ, ಗುಳಿಗೆ ನುಂಗಿದರೂ ಏರುತ್ತದೆ, ಬೊಜ್ಜಿದ್ದರೂ ಏರುತ್ತದೆ ಎಂದು ನಾನು ಹೇಳಿದ ನೆನಪು. ಹೇಳಿರದೆಯೂ ಇರಬಹುದು. ಹೇಳಿದ್ದರೂ ಕಾಕಾ ಕೇಳಿಸಿಕೊಳ್ಳಲಿಲ್ಲ. ಅವನೇ ಮುಂದೆ ನಿಂತು, ಇರಲಿ ಬಿಡು ವೈನಿ, ಹುಡುಗಿ ಓದಿನದು ಎಂದು ದೊಡ್ಡವ್ವನನ್ನು ಒಪ್ಪಿಸಿದ. ಶೀಶೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಸ್ಟೀಲ್ ಡಬ್ಬಿಯೊಳಗೆ ಕುಳಿತು ಫ್ರೀಜರಿಗೆ ಮರಳಿತು. ಕಾಕಾನ ಔದಾರ್ಯ ಕಂಡು ನನಗೆ ಕಣ್ಣು ತುಂಬಿತ್ತು. ಅದನ್ನು ನೆನೆದರೆ ಈಗ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ತಂಗಿಗೆ ಮುಧೋಳದ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗನದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ, ಒಂದಿಷ್ಟು ಕಬ್ಬಿನ ಹೊಲ. ನೋಡಿಕೊಂಡು ಹೋದಾಗಿನಿಂದ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ತಂಗಿ ಮಾಳಿಗೆಯಿಂದ ಇಳಿದು ಬಂದಾಗ ಅವಳ ಮುಖ ನೋಡಿದರೆ ಸಾಕಿತ್ತು, ಅವಳ ಮನಸ್ಸು ತಿಳಿಯುತ್ತಿತ್ತು. ಹಬ್ಬ ಮುಗಿದ ಕೂಡಲೇ ನಿಶ್ಚಯ ಎಂದಾಗಿತ್ತು. ಹುಡುಗ ಕುಡಿಯುತ್ತಾನೆಂದು ಯಾರೋ ಕಾಕಾನ ಕಿವಿಯಲ್ಲಿ ಊದಿದ್ದರು. ಅದೊಂದು ತಡೆಯಾಗಿ ನಿಂತಿತ್ತು.

ಪಾಡ್ಯದ ದಿನ ಹಾಲು ತೆಗೆಯಲೆಂದು ಫ್ರಿಜ್ಜು ತೆರೆದೆ. ಹೊಸ ಹೆಪ್ಪಿನ ಬಟ್ಟಲಿಗೆ ಒರಗಿಕೊಂಡು, ಯಾವ ಚೀಲವೂ ಡಬ್ಬಿಯೂ ಇಲ್ಲದೆ, ಮುಚ್ಚಳ ಹಾಕಿದ ಒಂದು ಗಾಜಿನ ಕೊಳವೆ ನಿಂತಿತ್ತು. ತಳದಲ್ಲಿ ಕರಿಗೆಂಪು ಹೆಪ್ಪು, ಮೇಲೆ ಹಳದಿ ನೀರು. ಮೇಲೆ ಅಂಟಿಸಿದ ಚೀಟಿಯಲ್ಲಿ ಆ ಹುಡುಗನ ಹೆಸರು.

ಕಾಕಾ ಮುಚ್ಚಿಡಲಿಲ್ಲ. ಹುಡುಗನಿಗೆ ಜ್ವರ ಬಂದು, ಮುಧೋಳದ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟಿದ್ದನಂತೆ. ಅಲ್ಲಿ ಕಾಕಾನ ಗೆಳೆಯನೊಬ್ಬನಿದ್ದಾನೆ. ಪರೀಕ್ಷೆ ಮುಗಿದು ಉಳಿದದ್ದನ್ನು ಅವನು ಚೆಲ್ಲದೆ ತೆಗೆದಿಟ್ಟಿದ್ದ. ಕಾಕಾ ಬೈಕಿನ ಮೇಲೆ ಹೋಗಿ ತಂದಿದ್ದ.

“ನಿನ್ನ ಔಷಧ ಹಾಕಿ ನೋಡಬೇ. ಕುಡಿತಾನೋ ಇಲ್ಲೋ, ಇವತ್ತ ಹೇಳು.”

ನಾನು ದೊಡ್ಡವ್ವನ ಕಡೆ ತಿರುಗಿದೆ. ಅವಳು ಕರ್ಚಿಕಾಯಿಗೆ ಹೂರಣ ತುಂಬುತ್ತಿದ್ದಳು. ಈಗ ಫ್ರಿಜ್ಜು ತೊಳೆಯುವುದಿಲ್ಲವೇ ಎಂದು ಕೇಳಿದೆ.

ಕೈ ನಿಲ್ಲಿಸದೆ ಹೇಳಿದಳು: “ಯಾಕ ತೊಳೀಬೇಕ? ಅದೇನ್ ಮೊಲದ್ದಲ್ಲ. ನಮ್ಮ ಮಂದೀದು ಐತಿ.”

ಈಗ ನನಗೆ ಹೇಸಿಗೆ ಬಂತು. ಅದು ರಕ್ತಕ್ಕಲ್ಲ. ರಕ್ತ ನನ್ನ ಕಸುಬು. ಒಬ್ಬ ಮನುಷ್ಯ ಜ್ವರದಲ್ಲಿ ತೋಳು ಚಾಚಿ ಕೊಟ್ಟದ್ದನ್ನು ಕದ್ದು ತಂದು, ಮನೆಯ ಸಾಮಾನಿನ ಹಾಗೆ ಮೊಸರಿನ ಪಕ್ಕ ಇಟ್ಟಿದ್ದಾರೆ, ಅದರಲ್ಲಿ ಯಾರಿಗೂ ಹೊಲಸು ಕಾಣುತ್ತಿಲ್ಲ. ಮೊನ್ನೆ ಅದೇ ಕಪಾಟನ್ನು ತಿಕ್ಕಿದ ಕೈ ಇವತ್ತು ನೆಮ್ಮದಿಯಿಂದ ಕರ್ಚಿಕಾಯಿ ಮಡಿಚುತ್ತಿದೆ.

ಆಗುವುದಿಲ್ಲ ಎಂದೆ. ಇದು ರೋಗಿಗಳ ಪರೀಕ್ಷೆಗೆ ಮಾಡಿದ್ದಲ್ಲ, ಮನೆಯಲ್ಲಿ ಮಾಡುವಂಥದ್ದೂ ಅಲ್ಲ, ಬಿಸಿಲಿಗೆ ಕೆಟ್ಟೂ ಇರಬಹುದು ಎಂದೆ. ಕಾರಣ ಹೇಳುತ್ತ ಹೋದ ಹಾಗೆ ಕದ್ದ ರಕ್ತವನ್ನು ನೋಡುವುದಿಲ್ಲ ಎಂದು ನಾನು ಹೇಳಬೇಕಾದ ಒಂದೇ ಮಾತು ಹಿಂದೆ ಬಿತ್ತು. ಕಾಕಾನಿಗೆ ಬೇಸರವಾಯಿತು.

“ಏನರೆ ಒಂದು ಹೇಳಿಬಿಡು. ನೀ ಹೇಳಿದ್ದಂದ್ರ ಮಂದಿ ನಂಬತಾರ. ಹೌದಂದ್ರ ಹೌದು, ಇಲ್ಲಂದ್ರ ಇಲ್ಲ.”

ಅವನಿಗೆ ಬೇಕಾದದ್ದು ಹುಡುಗನ ವಿಷಯವಲ್ಲ, ಮಂದಿಗೆ ಹೇಳಲು ಒಂದು ಮಾತು. ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಮಾಳಿಗೆಗೆ ಹೋಗಿ ಹುಡುಗನಿಗೆ ಫೋನು ಮಾಡಿದಳು.

ಹುಡುಗ ಮರುದಿನ ಮುಂಜಾನೆ ಒಬ್ಬನೇ ಬಂದ. ಜ್ವರದಿಂದ ಎದ್ದ ಮುಖ, ಗಡ್ಡ ಬೋಳಿಸಿರಲಿಲ್ಲ. ಕೂರಲಿಲ್ಲ, ಚಹಾ ಬೇಡವೆಂದ.

“ನನ್ನ ರಕ್ತ ಎಲ್ಲೈತ್ರಿ?”

ತಂಗಿ ಒಳಗಿನಿಂದ ತಂದು ಅವನ ಕೈಯಲ್ಲಿ ಕೊಟ್ಟಳು. ಕೊಳವೆ ತಣ್ಣಗಿತ್ತೆಂದು ಕಾಣುತ್ತದೆ, ಅವನು ಅದನ್ನು ಕರವಸ್ತ್ರದಲ್ಲಿ ಸುತ್ತಿದ.

“ಕೇಳಿದ್ರ ಹೇಳತಿದ್ನಲ್ರಿ ಕಾಕಾರ,” ಎಂದ. “ಕುಡಿತೀನಿ. ಕಬ್ಬಿನ ಸೀಜನ್ ಮುಗಿದ ಮ್ಯಾಲ ಗೆಳ್ಯಾರ ಕೂಡ ಕುಂಡರತೀನಿ. ಅಕಿಗೂ ಹೇಳೇನಿ, ಮೊದಲನೇ ಸಲ ಫೋನ್ ಮಾಡಿದಾಗ.”

ನಾವೆಲ್ಲ ತಂಗಿಯನ್ನು ನೋಡಿದೆವು. ಅವಳು ಹೌದೆಂದು ಗೋಣು ಹಾಕಿದಳು. ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಒಪ್ಪಿದ್ದಳು. ಕಾಕಾ ಮುಧೋಳದವರೆಗೆ ಬೈಕು ಹೊಡೆದ, ನಾನು ಕಿಣ್ವದ ಪಾಠ ಮಾಡಿದೆ. ಮಾಳಿಗೆಯ ಮೇಲೆ ಹೋಗಿ ಅವಳನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

“ನಾ ಒಲ್ಲೆ ಅನ್ನೂದು ನಿಮ್ಮ ಹುಡುಗಿ ಮ್ಯಾಲಿನ ಮಾತಲ್ರಿ,” ಎಂದು ಹುಡುಗ ಚಪ್ಪಲಿ ಮೆಟ್ಟಿಕೊಂಡ. “ಕದ್ದು ರಕ್ತಾ ನೋಡೂ ಮನಿ ಜೋಡಿ ಬೀಗತನ ಬ್ಯಾಡ್ರಿ ನನಗ.”

ಅವನ ಬೈಕು ಓಣಿಯ ತಿರುವು ದಾಟುವವರೆಗೆ ತಂಗಿ ಕಟ್ಟೆಯ ಮೇಲೆ ನಿಂತಿದ್ದಳು. ಸಂಜೆಯೊಳಗೆ ಓಣಿಯಲ್ಲೆಲ್ಲ ಸುದ್ದಿ ಹರಡಿತು: ನಮ್ಮ ಓದಿದ ಹುಡುಗಿ ಲ್ಯಾಬಿನಲ್ಲಿ ಟೆಸ್ಟ್ ಮಾಡಿ ನೋಡಿದಳು, ಹುಡುಗ ಸರಿ ಬರಲಿಲ್ಲ, ನಾವೇ ಬೇಡವೆಂದೆವು. ಹೀಗೆ ಹೇಳಿ ಬಂದ ಕಾಕಾ ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಮಾಡದ ಪರೀಕ್ಷೆಯ ಫಲಿತಾಂಶ ನನ್ನ ಬಾಯಿಂದ ಬಂದದ್ದಾಗಿ ಊರು ಇವತ್ತಿಗೂ ನಂಬಿದೆ. ಮಗನ ಮೇಲೆ, ಸೊಸೆಯ ಮೇಲೆ ಅನುಮಾನವಿದ್ದವರು ಈಗಲೂ ಒಮ್ಮೊಮ್ಮೆ ನನ್ನನ್ನು ಮೆಲ್ಲಗೆ ಬದಿಗೆ ಕರೆಯುತ್ತಾರೆ.

ರಜೆ ಮುಗಿದ ಮೇಲೆ ಕಾಲೇಜಿನಲ್ಲಿ ಶೀಶೆಯನ್ನು ಪರೀಕ್ಷಿಸಿದೆ. ನನ್ನ ಜೀವಕೋಶಗಳ ಕಿಣ್ವವನ್ನು ಅದು ಸರಿಯಾಗಿಯೇ ಹಿಡಿಯಿತು, ಅದರ ಗುರುತಾದ ಕಪ್ಪು ಗೆರೆ ಸ್ಪಷ್ಟವಾಗಿ ಮೂಡಿತು. ಬಿಸಿಲು ಅದನ್ನು ಕೊಂದಿರಲಿಲ್ಲ. ಈ ಮಾತನ್ನು ನಾನು ಮನೆಯಲ್ಲಿ ಹೇಳಿಲ್ಲ.

ಹುಡುಗ ಬಂದು ಹೋದ ದಿನವೇ ತಂಗಿ ಫ್ರಿಜ್ಜನ್ನು ಪೂರಾ ಖಾಲಿ ಮಾಡಿದಳು. ಹಾಲು ಚೆಲ್ಲಿದಳು, ಹೆಪ್ಪು ಚೆಲ್ಲಿದಳು, ಕಪಾಟುಗಳನ್ನು ಒಂದೊಂದೇ ತಿಕ್ಕಿದಳು. ಮೊನ್ನೆಯೇ ತೊಳೆದಿದ್ದೇನಲ್ಲ ಎಂದು ದೊಡ್ಡವ್ವ ಗೊಣಗಿದಳು. ತಂಗಿ ಅವಳ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿ ಕೇಳಿದಳು:

“ಅಕ್ಕಾ, ನಿನ್ನ ಔಷಧ ಬಿಸಿಲಿಗಿ ಇಟ್ಟಿರಲಿಲ್ಲಂದ್ರ, ನೀ ಅವನ ರಕ್ತಾ ನೋಡತಿದ್ದೇನ?”

ಇಲ್ಲ ಎಂದು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಹೇಳುವಾಗ ನನ್ನ ಧ್ವನಿ ಹೇಗಿತ್ತೆಂಬುದೂ ನೆನಪಿದೆ. ಈಚೆಗೆ ಒಮ್ಮೆ ಮಾತಿಗೆ ಮಾತು ಬಂದು, ಆ ದಿನ ಇಲ್ಲ ಎಂದಿದ್ದೆನಲ್ಲ ಎಂದು ತಂಗಿಗೆ ಹೇಳಿದೆ.

“ನೀ ಏನೂ ಅನ್ನಲಿಲ್ಲ,” ಎಂದಳು. “ಒರಸೂ ಬಟ್ಟಿ ಕೈಯಾಗ ಕೊಟ್ಟು ಒಳಗ ಹ್ವಾದಿ.”