ಪಕ್ಕದ ಕುರ್ಚಿಯ ಗೊಂಬೆ

ನಾನು ಅಂಜುಬುರುಕಿ, ಬಾಯಿ ಮಾತ್ರ ಜೋರು. ಶಿಕ್ಷಕರ ತರಬೇತಿ ಕಂಪ್ಯೂಟರಿನೊಳಗಿನ ಸಭಾಂಗಣದಲ್ಲಿ ನಡೆಯುತ್ತದೆ ಎಂದಾಗ, ಈ ವಯಸ್ಸಿಗೆ ಗೊಂಬೆಯಾಟ ಬೇರೆ ಕೇಡು ಎಂದು ಸಿಡುಕಿದ್ದೆ. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಗೊಂಬೆ. ನಾನು ಬೀದರಿನ ಚಿದ್ರಿಯ ಮನೆಯಲ್ಲಿ ಕೀಲಿ ಒತ್ತಿದರೆ ಅದು ಅಲ್ಲಿ ನಡೆಯುತ್ತದೆ. ಹಾಜರಿ ಕೂಗಿದಾಗ ಬಲಗೈ ಎತ್ತಬೇಕು. ಉಳಿದಂತೆ ಸುಮ್ಮನೆ ಕುಳಿತು ರೆಪ್ಪೆ ಬಡಿಯುತ್ತದೆ. ಸಭಾಂಗಣದ ತುಂಬ ಗೊಂಬೆಗಳು, ಉಸಿರಿನ ಸದ್ದೂ ಇಲ್ಲದೆ ರೆಪ್ಪೆ ಬಡಿಯುವುದನ್ನು ನೋಡಿ ಮೊದಲ ದಿನವೇ ನನ್ನ ಮೈ ಜುಮ್ಮೆಂದಿತ್ತು.

ಔರಾದಿನ ಗೆಳತಿಗೆ ಮಾತ್ರ ಅದು ತಮಾಷೆ. ಅವಳ ಗೊಂಬೆ ಹಿಂದಿನಿಂದ ಬಂದು ನನ್ನ ಗೊಂಬೆಗೆ ತಾಗಿ ನಿಲ್ಲುತ್ತಿತ್ತು. “ಅಂಜಿದವರ ಮ್ಯಾಲೇ ಕಪ್ಪಿ ಒಗೀಬೇಕಕ್ಕಾ,” ಎಂದು ನಗುತ್ತಿದ್ದಳು. ಭಾಲ್ಕಿಯಲ್ಲಿ ಬಿ.ಎಡ್. ಓದುವಾಗ ನಾವಿಬ್ಬರೂ ಒಂದೇ ಬೆಂಚು. ನನಗೆ ಬಸ್ ತಪ್ಪಿದ ದಿನ ಅವಳೇ ದನಿ ಬದಲಿಸಿ ನನ್ನ ಹೆಸರಿಗೂ ‘ಹಾಜರ್ ರೀ’ ಎನ್ನುತ್ತಿದ್ದಳು.

ಈಗ ನನ್ನ ಸರದಿ ಬಂತು. ಅವಳು ಗಂಟಲಿನ ಆಪರೇಷನ್ನಿಗೆ ಬೀದರಿನ ಆಸ್ಪತ್ರೆ ಸೇರುವ ಮುನ್ನ ಫೋನ್ ಮಾಡಿ ತನ್ನ ಪಾಸ್‌ವರ್ಡ್ ಹೇಳಿದಳು.

“ಅಕ್ಕಾ, ನನ್ನ ಗೊಂಬಿ ನಿನ್ನ ಬಾಜೂಕ ಕೂಡಸು. ಹಾಜರಿ ಬೀಳಲಿಲ್ಲಂದ್ರ ತರಬೇತಿ ಮತ್ತ ಮೊದಲಿಂದ ಮಾಡಬೇಕಾಗ್ತದ.”

“ನೀ ಆರಾಮ ಆಗಿ ಬಾ. ನಿನ್ನ ಗೊಂಬಿ ನಾ ನೋಡ್ಕೋತೇನಿ,” ಎಂದೆ.

ಆಪರೇಷನ್ ಆದಮೇಲೆ ಅವಳ ಗಂಟಲಲ್ಲಿ ನಳಿಕೆ, ಮಾತಿಲ್ಲ. ಗಂಡನ ಹೊರತು ಯಾರನ್ನೂ ವಾರ್ಡಿಗೆ ಬಿಡುತ್ತಿರಲಿಲ್ಲ. ನಾನು ದಿನಾ ಮಧ್ಯಾಹ್ನ ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಅವಳ ಗೊಂಬೆಯನ್ನು ತೆರೆದು, ಪಕ್ಕದಲ್ಲಿ ಕೂರಿಸಿ, ಅದರ ಕೈ ಎತ್ತಿಸುತ್ತಿದ್ದೆ.

ಐದನೆಯ ದಿನ ಹಾಜರಿ ಮುಗಿದಿತ್ತು. ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಮುಟ್ಟದೆಯೇ ಅವಳ ಗೊಂಬೆ ಎದ್ದಿತು. ನನ್ನ ಗೊಂಬೆಯ ಎದುರು ಬಂದು ಮುಖಕ್ಕೆ ಮುಖ ಕೊಟ್ಟು ನಿಂತಿತು. ಬಲಗೈ ಎತ್ತಿತು, ಇಳಿಸಿತು, ಮತ್ತೆ ಎತ್ತಿತು.

ಅವಳಿಗೇನೋ ಆಗಿದೆ, ಹೇಳಲು ಬಂದಿದ್ದಾಳೆ ಅನ್ನಿಸಿತು. ಛೇ, ಯಾರೋ ಕಳ್ಳರು ಒಳಹೊಕ್ಕಿದ್ದಾರೆ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ಬೆಳ್ಳುಳ್ಳಿ ಕೈಯಲ್ಲೇ ಅವಳ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಹೊರಹಾಕುವ ಗುಂಡಿ ಒತ್ತಿದೆ. ಎತ್ತಿದ ಕೈ ಇಳಿಯುವ ಮೊದಲೇ ಗೊಂಬೆ ಮಾಯವಾಯಿತು.

ಮರುದಿನ ಬೆಳಿಗ್ಗೆ ಅವಳು ತೀರಿಕೊಂಡ ಸುದ್ದಿ ಬಂತು.

ಔರಾದಿನಲ್ಲಿ ಅವಳ ಗಂಡ ಮನೆ ಮುಂದೆ ಚಾಪೆಯ ಮೇಲೆ ಕೂತಿದ್ದರು.

“ನಿನ್ನಿ ಮಧ್ಯಾಹ್ನ ಭಾಳ ಖುಷಿ ಇದ್ಳು ರೀ ಅಕ್ಕಾರ. ನನ್ನ ಮೊಬೈಲ್‌ದಾಗ ಪಾಸ್‌ವರ್ಡ್ ಹಾಕಿ ನಿಮ್ಮ ಎದರಿಗೆ ಬಂದು ನಿಂತಿದ್ಳು. ಅಷ್ಟರಾಗ ಬಂದ್ ಆತು. ಮತ್ತ ಹಾಕಿದ್ರ ಪಾಸ್‌ವರ್ಡ್ ತಪ್ಪ ಅಂತದ. ಎಷ್ಟ ಸಲ ಹಾಕಿದ್ಳೋ,” ಎಂದು ಕಿಸೆಯಿಂದ ಮಡಚಿದ ಚೀಟಿ ತೆಗೆದರು.

ಮಾತಾಡಲಾಗದೆ ಅವಳು ಬರೆದು ತೋರಿಸಿದ್ದು: ‘ಅಕ್ಕ ಬಾಗಲಾ ಹಾಕ್ಕೊಂಡಾಳ. ನಾಳಿ ಮತ್ತ ಬಡಿತೇನಿ.’

“ಯಾಕ ಬಂದ್ ಆತೋ ನಿಮಗೇನರ ಗೊತ್ತದ ಏನ್ರಿ?” ಎಂದು ಕೇಳಿದರು.

“ಗೊತ್ತಿಲ್ರಿ,” ಎಂದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸೋಮವಾರ ಹಾಜರಿಯಲ್ಲಿ ಅವಳ ಹೆಸರೂ ಬಂತು. ಪಟ್ಟಿಯಿಂದ ಯಾರೂ ತೆಗೆದಿರಲಿಲ್ಲ. ಎರಡನೇ ಸಲ ಕೂಗಿದರು. ಹೊಸ ಪಾಸ್‌ವರ್ಡ್ ಗೊತ್ತಿರುವುದು ನನಗೊಬ್ಬಳಿಗೇ. ಹಳೆಯ ಲ್ಯಾಪ್‌ಟಾಪ್ ಪಕ್ಕದಲ್ಲೇ ಇತ್ತು, ತೆರೆಯಲಾಗಲಿಲ್ಲ. ಖಾಲಿ ಮನೆಯಲ್ಲಿ ಒಬ್ಬಳೇ ಕೂತು ನನ್ನ ಕೈಯನ್ನೇ ಎತ್ತಿದೆ.