ಗಂಟೆ ಹೊಡೆಯದ ಬೆಳಿಗ್ಗೆ ಹನ್ನೊಂದು ಕೋಣೆ ಎಬ್ಬಿಸಿದ ನಾದೇಜ್

ಬೆಳಗಿನ ಜಾವ ಐದೂವರೆ. ಲಾಂ ಪಟ್ಟಣದ ರೈಲು ನಿಲ್ದಾಣದಿಂದ ಗುಡ್ಡದ ಮೇಲಿನ ಹಳೇ ಪೇಟೆಗೆ ಹತ್ತುವ ಕಲ್ಲು ಮೆಟ್ಟಿಲುಗಳ ಮೇಲೆ ನಾದೇಜ್ ಕೊದ್ರೋನ್ ಹೊರಟಿದ್ದಾರೆ. ಹೆಗಲಿಗೆ ಬಟ್ಟೆಯ ಚೀಲ, ಅದರಿಂದ ತಲೆ ಹೊರಗೆ ಹಾಕಿರುವ ಒಂಬತ್ತು ಉದ್ದನೆಯ ಬ್ರೆಡ್ಡು. ಮೇಲಿನ ಪೇಟೆಯಲ್ಲೂ ಬೇಕರಿಗಳಿವೆ. ಆದರೆ ಅಲ್ಲಿಯ ಬ್ರೆಡ್ಡು ಹತ್ತು ಗಂಟೆಗೆಲ್ಲ ರಬ್ಬರಾಗುತ್ತದೆ ಎಂಬುದು ಇವರ ತೀರ್ಮಾನ, ಆ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಜೊತೆಗೆ ಹತ್ತುತ್ತಿರುವ ನಾನು ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತೇನೆ. ಐವತ್ತೆಂಟು ವರ್ಷದ ಅವರು ನಿಲ್ಲುವುದಿಲ್ಲ, ಹಿಂದಿರುಗಿಯೂ ನೋಡುವುದಿಲ್ಲ.

ಒಟ್ಟು ಎಷ್ಟು ಮೆಟ್ಟಿಲು ಎಂದು ಕೇಳಿದೆ. "ಒಂದಿನ ಇನ್ನೂರ ಐವತ್ತೆಂಟು ಬರ್ತವೆ, ಇನ್ನೊಂದಿನ ಇನ್ನೂರ ಅರವತ್ತೊಂದು," ಎಂದರು. "ಮನಸ್ಸು ಸರಿಯಿಲ್ಲದ ದಿನ ಜಾಸ್ತಿ ಇರ್ತವೆ."

ಮೇಲೆ ತಲುಪಿದರೆ ಕ್ರೈಸ್ತರ ಮಹಾದೇವಾಲಯದ ಗೋಪುರಗಳು. ಅದರ ನೆರಳು ಬೀಳುವ ಓಣಿಯಲ್ಲಿ 'ಹಳೇ ಬಾವಿ ಹೋಟೆಲು'. ಹೋಟೆಲು ಎಂದ ಕೂಡಲೇ ನಮ್ಮವರು ಬಿಸಿಬಿಸಿ ಇಡ್ಲಿ ನೆನೆಸಿಕೊಳ್ಳುವುದು ಬೇಡ. ನಮ್ಮ ಮಾತಿನಲ್ಲಿ ಇದು ಲಾಡ್ಜು. ಕಡಿಮೆ ಬಾಡಿಗೆಯ ಹನ್ನೊಂದು ಕೋಣೆ, ಕಿರುಗುಟ್ಟುವ ಮರದ ಮೆಟ್ಟಿಲು, ಮಹಡಿಗೊಂದೇ ಬಚ್ಚಲು. ಕೋಣೆಗಳಲ್ಲಿ ಫೋನಿಲ್ಲ, ಟೀವಿ ಇಲ್ಲ. ಬರುವವರು ಸೈಕಲ್ ಯಾತ್ರಿಕರು, ಊರೂರು ಅಲೆಯುವ ಸೇಲ್ಸ್‌ನವರು, ಆಸ್ಪತ್ರೆಗೋ ಕೋರ್ಟಿಗೋ ಬಂದ ಹಳ್ಳಿಯವರು. ಇಪ್ಪತ್ತಾರು ವರ್ಷಗಳಿಂದ ಇವರೆಲ್ಲರನ್ನು ನಿದ್ದೆಯಿಂದ ಎಬ್ಬಿಸಿ, ತಿಂಡಿ ಕೊಟ್ಟು, ಹಾಸಿಗೆ ಸರಿಪಡಿಸುತ್ತಿರುವವರು ನಾದೇಜ್.

ಎಬ್ಬಿಸುವುದು ಏನು ಮಹಾ ಕೆಲಸ ಎನ್ನಬೇಡಿ. ಅಡುಗೆಮನೆ ಬಾಗಿಲ ಪಕ್ಕದಲ್ಲಿ ಒಂದು ಕರಿಹಲಗೆ ಇದೆ. ಏಳಬೇಕಾದ ಹೊತ್ತನ್ನು ಅತಿಥಿಗಳು ಮಲಗುವ ಮುಂಚೆ ಕೋಣೆಯ ನಂಬರಿನ ಎದುರು ಬರೆದು ಹೋಗುತ್ತಾರೆ. ಆ ಹೊತ್ತಿಗೆ ನಾದೇಜ್ ಬಾಗಿಲ ಮುಂದೆ ಹಾಜರು. ಎರಡು ಬಡಿತ, ಸ್ವಲ್ಪ ಬಿಟ್ಟು ಮತ್ತೊಂದು. ಆಮೇಲೆ ಕಿವಿಗೊಟ್ಟು ನಿಲ್ಲುತ್ತಾರೆ. ಒಳಗಿನಿಂದ "ಎದ್ದೆ, ಎದ್ದೆ" ಎಂಬ ದನಿ ಬಂದರೆ ಅದು ಲೆಕ್ಕಕ್ಕಿಲ್ಲ, ಮಂಚ ಕಿರ್ ಎಂದರೂ ಸಾಲದು. ಎರಡು ಕಾಲು ನೆಲಕ್ಕೆ ತಾಗಿದ ಸದ್ದು ಕೇಳಿದ ಮೇಲೆಯೇ ಮುಂದಿನ ಕೋಣೆ.

ಇದಕ್ಕೆ ನಾನೇ ಸಾಕ್ಷಿ. ಹದಿನೆಂಟು ವರ್ಷದ ಹಿಂದೆ ಕೆಲಸ ಹುಡುಕಿಕೊಂಡು ಈ ಊರಿಗೆ ಬಂದವನು ಮೊದಲ ವಾರ ಇಲ್ಲಿಯ ಏಳನೇ ಕೋಣೆಯಲ್ಲಿದ್ದೆ. ಇನ್ನೂ ಐದು ನಿಮಿಷ ಮಲಗುವ ಆಸೆಗೆ ಹಾಸಿಗೆಯಲ್ಲೇ ಇದ್ದು ಎರಡೂ ಚಪ್ಪಲಿಯನ್ನು ಒಂದಾದ ಮೇಲೊಂದು ನೆಲಕ್ಕೆ ಹಾಕಿದೆ. ಬಾಗಿಲಾಚೆಯಿಂದ ತಣ್ಣಗೆ, ಸ್ವಾಮೀ ಎನ್ನುವ ಮರ್ಯಾದೆಯಲ್ಲೇ ಮಾತು ಬಂತು: "ಅದು ಚಪ್ಪಲಿ, ಮೊಸ್ಯೇ." ನಾಚಿಕೆಯಾಗಿ ಎದ್ದು ಕೂತೆ.

ಅವರು ಹುಟ್ಟಿದ್ದು ಇಲ್ಲಿಂದ ಮೂರು ಹರದಾರಿ ದೂರದ ಹಳ್ಳಿಯಲ್ಲಿ. ಸುತ್ತ ಕಣ್ಣು ಹಾಯುವಷ್ಟೂ ಸಕ್ಕರೆ ತೆಗೆಯುವ ಬೀಟ್‌ರೂಟಿನ ಹೊಲ. ಹದಿನೆಂಟಕ್ಕೇ ಸಕ್ಕರೆ ಕಾರ್ಖಾನೆ ಸೇರಿ, ಮೂಟೆಯ ಬಾಯಿ ಹೊಲಿಯುವ ಕೆಲಸ ಹಿಡಿದರು. ಮೂವತ್ತೆರಡಕ್ಕೆ ಕಾರ್ಖಾನೆ ಬಾಗಿಲು ಹಾಕಿತು. ಕೈಯಲ್ಲಿ ಎರಡು ಹೆಣ್ಣುಮಕ್ಕಳು, ಮನೆಯಲ್ಲಿ ಇನ್ನೊಂದು ಸಂಪಾದನೆ ಇಲ್ಲ. ಈ ಹೋಟೆಲಿನ ಯಜಮಾನ ರೆಜಿಸ್ ಆಗ ಒಂದೇ ಪ್ರಶ್ನೆ ಕೇಳಿದ್ದರಂತೆ, ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ ಎಂದು. ನಾಲ್ಕೂವರೆಗೆ ಎಂದಿದ್ದಕ್ಕೆ ನಾಳೆಯಿಂದಲೇ ಬನ್ನಿ ಎಂದರು. ಅಂದಿನಿಂದ ದಿನಕ್ಕೆ ಹನ್ನೊಂದು ಹಾಸಿಗೆ, ಇಪ್ಪತ್ತೆರಡು ಹೊದಿಕೆ, ನಾಲ್ಕು ಹೂಜಿ ಚಿಕೋರಿ ಕಾಫಿ. ಮೂರು ವರ್ಷದ ಹಿಂದೆ ಬಲಭುಜಕ್ಕೆ ಆಪರೇಷನ್ ಆಯಿತು. ಈಗ ಹಾಸಿಗೆಯ ಮೂಲೆ ಎತ್ತುವುದು ಎಡಗೈಯಲ್ಲಿ.

ತಿಂಡಿಯ ಹೊತ್ತಿನಲ್ಲಿ ಅವರನ್ನು ನೋಡುವುದೇ ಒಂದು ಸೊಗಸು. ಬೆಣ್ಣೆ, ರುಬಾರ್ಬ್ ಎಂಬ ಹುಳಿ ದಂಟಿನಿಂದ ತಾವೇ ಕುದಿಸಿದ ಜಾಮು, ಬ್ರೆಡ್ಡು, ಇಷ್ಟೇ. ಹೊರಗಿನವರು ಯಾರಾದರೂ ಬ್ರೆಡ್ಡನ್ನು ಮಗುಚಿ ಇಟ್ಟರೆ, ಕಾಫಿ ಬಗ್ಗಿಸುತ್ತಲೇ ಇನ್ನೊಂದು ಕೈಯಿಂದ ಅದನ್ನು ಬೆನ್ನು ಮೇಲಾಗಿ ತಿರುಗಿಸಿಡುತ್ತಾರೆ. ಮಗುಚಿಟ್ಟ ಬ್ರೆಡ್ಡು ಮನೆಗೆ ಕೇಡು ಎಂದು ಇಲ್ಲಿಯವರ ನಂಬಿಕೆ. ಅತಿಥಿಗೆ ಅದು ಗೊತ್ತೇ ಆಗುವುದಿಲ್ಲ, ಕೇಡು ಮಾತ್ರ ತಪ್ಪುತ್ತದೆ.

ಅಡುಗೆಮನೆಯ ಕಿಟಕಿಯಿಂದ ಕತ್ತೆತ್ತಿದರೆ ಗೋಪುರದ ಮೇಲಿನ ಕಲ್ಲಿನ ಎತ್ತುಗಳು ಕಾಣುತ್ತವೆ. ದೇವಾಲಯ ಕಟ್ಟುವಾಗ ಈ ಗುಡ್ಡಕ್ಕೆ ಕಲ್ಲು ಎಳೆದು ತಂದ ಎತ್ತುಗಳ ನೆನಪಿಗೆ ಕೆತ್ತಿಟ್ಟದ್ದು. ಹದಿನಾರಿವೆ. ಅವನ್ನು ನೋಡಿದಾಗ ಏನನ್ನಿಸುತ್ತದೆ ಎಂದು ಕೇಳಿದೆ, ಪತ್ರಿಕೆಗೆ ಒಂದು ಒಳ್ಳೇ ಮಾತು ಸಿಗಲಿ ಎಂಬ ಆಸೆಗೆ. ಅವರು ತಟ್ಟೆ ಒರೆಸುತ್ತಲೇ ಹೇಳಿದರು: "ಎತ್ತುಗಳಿಗೆ ಮೇಲೆ ಜಾಗ ಕೊಟ್ರು, ಸರಿ. ಅವಕ್ಕೆ ದಿನಾ ಹುಲ್ಲು ಹಾಕ್ದೋರು ಯಾರು ಅಂತ ಯಾರಿಗಾದ್ರೂ ಗೊತ್ತಾ?"

ಕಳೆದ ಚಳಿಗಾಲದಲ್ಲಿ ರೆಜಿಸ್ ತೀರಿಕೊಂಡರು. ಲಿಲ್ ನಗರದ ವಿಮಾ ಕಚೇರಿಯಲ್ಲಿದ್ದ ಮಗಳು ಮೋದ್ ಬಂದು ಹೋಟೆಲು ವಹಿಸಿಕೊಂಡಳು. ಇವಳು ನಾದೇಜರ ಕಣ್ಣೆದುರೇ ಬೆಳೆದ ಹುಡುಗಿ. ಈಗ ಮೂವತ್ತನಾಲ್ಕು, ತಲೆಯ ತುಂಬ ಯೋಜನೆಗಳು. ಬಾಗಿಲಿಗೆ ನಂಬರ್ ಒತ್ತುವ ಬೀಗ, ಮೆಟ್ಟಿಲ ಕೆಳಗೆ ಬಿಸ್ಕತ್ತು ನೀರು ಕೊಡುವ ಮೆಷೀನು. ಈಸ್ಟರ್ ಕಳೆದ ಮೇಲೆ ಬೆಳಗಿನ ಕೆಲಸವೇ ಇರುವುದಿಲ್ಲ, ಮಧ್ಯಾಹ್ನ ಎರಡು ತಾಸು ಬಂದು ಹಾಸಿಗೆ ಸರಿಪಡಿಸಿ ಹೋದರೆ ಸಾಕು ಎಂದು ನಾದೇಜರಿಗೆ ಹೇಳಿಯೂ ಆಯಿತು. ಈಸ್ಟರಿಗೆ ಮುಂಚಿನ ಪವಿತ್ರ ವಾರವೇ ಅದರ ಪರೀಕ್ಷೆ. ಅತಿಥಿಗಳು ದೂರಿಲ್ಲದೆ ತಾವಾಗಿ ಎದ್ದು ಹೋದರೆ, ಇಪ್ಪತ್ತಾರು ವರ್ಷದ ಬೆಳಗುಗಳು ಅಲ್ಲಿಗೆ ಮುಗಿದ ಹಾಗೆ.

ಕರಿಹಲಗೆ ಅಟ್ಟ ಸೇರಿತು. ಪ್ರತಿ ಕೋಣೆಯಲ್ಲೂ ಅಚ್ಚು ಹಾಕಿಸಿದ ಕಾಗದ ಬಂತು. 'ಬೆಳಿಗ್ಗೆ ಏಳಕ್ಕೆ ಎದುರಿನ ಮಹಾದೇವಾಲಯದ ಗಂಟೆ ಹೊಡೆಯುತ್ತದೆ. ಅತಿಥಿಗಳ ನೆಮ್ಮದಿಗಾಗಿ ಬಾಗಿಲು ಬಡಿಯುವ ಪದ್ಧತಿಯನ್ನು ನಿಲ್ಲಿಸಲಾಗಿದೆ.' ಇನ್ನು ಒಂದು ಬಾಗಿಲು ಬಡಿದರೂ ಕೆಲಸ ಬಿಡಿಸಲು ಈಸ್ಟರಿನವರೆಗೂ ಕಾಯುವುದಿಲ್ಲ ಎಂದು ಮೋದ್ ಖಡಾಖಂಡಿತವಾಗಿ ಹೇಳಿದ್ದಳು. ಸೋಮವಾರದಿಂದ ಗುರುವಾರದವರೆಗೆ ಎಲ್ಲ ಸುಸೂತ್ರ. ಏಳಕ್ಕೆ ಗಂಟೆ ಹೊಡೆಯಿತು, ಜನ ಎದ್ದರು, ಹೋದರು. ನಾದೇಜ್ ಕೈಕಟ್ಟಿ ನಿಂತು ಕೇಳಿಸಿಕೊಂಡರು.

ಆದರೆ ಪವಿತ್ರ ವಾರದ ಗುರುವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ, ಶೋಕದ ದಿನಗಳೆಂದು, ದೇವಾಲಯದ ಗಂಟೆ ಹೊಡೆಯುವುದಿಲ್ಲ. ಗಂಟೆಗಳೆಲ್ಲ ರೋಮಿಗೆ ಹಾರಿಹೋಗಿವೆ, ಬರುವಾಗ ಚಾಕೊಲೇಟ್ ಮೊಟ್ಟೆ ಉದುರಿಸಿಕೊಂಡು ಬರುತ್ತವೆ ಎಂದು ಇಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಅಷ್ಟೇ ಏಕೆ, ಗುರುವಾರ ಕೌಂಟರಿನ ಬುಟ್ಟಿಗೆ ಆ ಮೊಟ್ಟೆಗಳನ್ನು ತುಂಬಿಸಿಟ್ಟವಳೇ ಮೋದ್. ಮೊಟ್ಟೆ ನೆನಪಿತ್ತು, ಗಂಟೆ ಮರೆತುಹೋಗಿತ್ತು.

ಅದೇ ಗುರುವಾರ ಸಂಜೆ ನಾಲ್ಕನೇ ಕೋಣೆಗೆ ಮದಾಮ್ ಯುಗೆತ್ ಬಂದಿದ್ದರು. ಎಂಬತ್ತೊಂದು ವರ್ಷ, ಎರಡೂ ಕಣ್ಣಿಗೆ ಪೊರೆ. ಗಡಿಯಾರದ ಮುಳ್ಳು ಕಾಣದು, ಫೋನಿನ ಅಕ್ಷರವಂತೂ ದೂರದ ಮಾತು. ಶುಕ್ರವಾರ ಎಂಟಕ್ಕೆ ಆಸ್ಪತ್ರೆಯಲ್ಲಿ ಆಪರೇಷನ್, ತಪ್ಪಿದರೆ ಮತ್ತೆ ದಿನ ಸಿಗುವುದು ಶರತ್ಕಾಲಕ್ಕೆ. ಗಂಟೆ ಕೇಳಿದ ಕೂಡಲೇ ಎದ್ದು ಹೊರಡಿ, ಏಳೂವರೆಗೆ ನಾನೇ ಕಾರಿನಲ್ಲಿ ಬಿಡುತ್ತೇನೆ ಎಂದು ಮೋದ್ ಮಾತು ಕೊಟ್ಟಿದ್ದಳು. ಅವರಿಗೆ ತಿಂಡಿ ಕೊಡಬೇಡಿ, ಎಂಟಕ್ಕೆ ಆಪರೇಷನ್ ಇದೆ ಎಂದು ಅಡುಗೆಮನೆಯಲ್ಲಿ ಚೀಟಿಯನ್ನೂ ಇಟ್ಟಿದ್ದಳು. ಹುಡುಗಿ ಕೆಟ್ಟವಳಲ್ಲ.

ಶುಕ್ರವಾರ ಬೆಳಿಗ್ಗೆ ಅಡುಗೆಮನೆಯ ಗಡಿಯಾರದಲ್ಲಿ ಏಳಾಯಿತು. ಹೊರಗೆ ಸದ್ದಿಲ್ಲ. ಏಳು ದಾಟಿ ಮೂರು ನಿಮಿಷ. ಮೇಲಿನ ಮಹಡಿಗಳಲ್ಲಿ ಒಂದು ಕಾಲೂ ನೆಲಕ್ಕೆ ತಾಗಲಿಲ್ಲ. ನಾದೇಜರಿಗೆ ಆಗ ಹೊಳೆಯಿತು. ಚೀಟಿ ಎದುರಿಗೇ ಇತ್ತು. ನಾಲ್ಕನೇ ಕೋಣೆಗೆ ಓಡಿ ಕೈ ಎತ್ತಿದರು, ಬಡಿಯಲಿಲ್ಲ. ಬಡಿದರೆ ಈ ಕೆಲಸವೇ ಹೋಯಿತು. ಹಾಗೆ ನಿಂತದ್ದು ಎಷ್ಟು ಹೊತ್ತೋ ಅವರಿಗೇ ತಿಳಿಯದು. ಆಮೇಲೆ ಕೆಳಗಿಳಿದು, ಅಡುಗೆಮನೆಯ ಗೋಡೆಯ ಮೊಳೆಯಿಂದ ಮರದ ಗಿರಗಟ್ಲೆಯನ್ನು ತೆಗೆದುಕೊಂಡರು.

ಹಿಡಿ ಹಿಡಿದು ಸುತ್ತಿಸಿದರೆ ಮರದ ನಾಲಿಗೆ ಹಲ್ಲಿನ ಚಕ್ರಕ್ಕೆ ಬಡಿದು ಕಟಕಟ ಎನ್ನುವ ವಸ್ತು ಅದು. ಗಂಟೆ ಇಲ್ಲದ ಆ ದಿನಗಳಲ್ಲಿ ಹಳ್ಳಿಯ ಮಕ್ಕಳು ಅದನ್ನು ಸುತ್ತಿಸುತ್ತಾ ಬೀದಿ ತಿರುಗಿ, ಪ್ರಾರ್ಥನೆಯ ಹೊತ್ತಾಯಿತೆಂದು ಊರಿಗೆ ತಿಳಿಸುತ್ತಿದ್ದರು. ಎಂಟು ವರ್ಷದ ನಾದೇಜ್ ಕೂಡ ಇದೇ ಗಿರಗಟ್ಲೆ ಹಿಡಿದು ತಮ್ಮ ಊರು ಸುತ್ತಿದ್ದವರು. ಅದರ ಒಂದು ಹಲ್ಲು ಮುರಿದಿದೆ. ಹಾಗಾಗಿ ಸದ್ದು ಕುಂಟುತ್ತದೆ, ಕಟಕಟ ನಡುವೆ ಒಂದು ಖಾಲಿ. ಮುರಿದವಳು ಒಂಬತ್ತು ವರ್ಷದ ಮೋದ್.

ನಾಲ್ಕನೇ ಕೋಣೆಯೊಂದರ ಮುಂದೆ ಸುತ್ತಿಸಿ ಬಂದಿದ್ದರೆ ಸಾಕಿತ್ತಲ್ಲ ಎಂದೆ. ಅವರು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು. "ಆ ಕಾಗದ ಹನ್ನೊಂದು ಕೋಣೇಲೂ ಇತ್ತು. ಹನ್ನೊಂದು ಕೋಣೇಲೂ ಗಂಟೆ ನಂಬ್ಕೊಂಡು ಮಲಗಿದ್ರು. ಗಂಟೆ ಯಾವತ್ತಾದ್ರೂ ಒಬ್ಬರಿಗೆ ಅಂತ ಹೊಡೆಯತ್ತಾ?"

ಹಾಗೆ ಕೆಳಗಿನಿಂದ ಮೇಲಿನವರೆಗೆ ಮೂರೂ ಮಹಡಿ ಸುತ್ತಿದರು. ಮರದ ಮನೆ, ಸದ್ದು ಗೋಡೆಗೋಡೆಗೂ ಹಾಯಿತು. ಒಂಬತ್ತನೇ ಕೋಣೆಯ ಜರ್ಮನ್ ಸೈಕಲ್ ಯಾತ್ರಿಕ ಬೆಂಕಿ ಬಿತ್ತೆಂದು ತಿಳಿದು ಒಳಚಡ್ಡಿಯಲ್ಲೇ ಓಡಿ ಬಂದು, ಮೊದಲು ಸೈಕಲನ್ನು ಕಾಪಾಡಿದ. ನಾಲ್ಕನೇ ಕೋಣೆಯ ಬಾಗಿಲು ತೆರೆಯಿತು. ಮದಾಮ್ ಯುಗೆತ್ ಗೋಡೆ ಹಿಡಿದು ನಿಂತು, ಓಹೋ, ಇವತ್ತು ಶುಭ ಶುಕ್ರವಾರ ಅಲ್ಲವೇ, ನನಗೂ ನೆನಪಾಗಲಿಲ್ಲ ನೋಡಿ ಎಂದು ನಕ್ಕರು. ಎಪ್ಪತ್ತು ವರ್ಷದ ಹಿಂದೆ ಅವರೂ ಅದನ್ನು ಸುತ್ತಿಸಿದವರೇ.

ಕೊನೆಗೆ ಎದ್ದವಳು ಒಂದನೇ ಕೋಣೆಯ ಮೋದ್. ಈ ಮನೆಯಲ್ಲಿ ಗಂಟೆಯ ಸದ್ದಿಗೇ ಎದ್ದು ಬೆಳೆದವಳು, ಅವತ್ತೂ ಅದನ್ನೇ ನಂಬಿ ಮಲಗಿದ್ದಳು. ಒಂದು ಕಾಲಿಗೆ ಕಾಲುಚೀಲ, ಇನ್ನೊಂದು ಬರಿಗಾಲು.

"ಬಡೀಬೇಡಿ ಅಂತ ಹೇಳಿದ್ದೆ ನಾನು," ಎಂದಳು.

"ಬಾಗಿಲು ಮುಟ್ಟಿಲ್ಲ ನಾನು," ಎಂದರು ನಾದೇಜ್.

"ಗಂಟೆ ಇರೋವಾಗ ಇದೆಲ್ಲ ಯಾಕೆ ಬೇಕಿತ್ತು?"

"ಗಂಟೆ ರೋಮಿಗೆ ಹೋಗಿದೆ ಮರಿ. ಏಳೂ ಹತ್ತಾಯ್ತು. ಚಪ್ಪಲಿ ಹಾಕ್ಕೊಂಡು ಕಾರು ತೆಗಿ."

ಮೋದ್ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟಳಂತೆ. ಗಿರಗಟ್ಲೆಯನ್ನು ನೋಡಿದಳು, ಮುರಿದ ಹಲ್ಲನ್ನು ಬೆರಳಲ್ಲಿ ಮುಟ್ಟಿದಳು. ಆಮೇಲೆ ರಾತ್ರಿ ಉಡುಪಿನ ಮೇಲೇ ಕೋಟು ತೊಟ್ಟು ಮದಾಮ್ ಯುಗೆತ್ ಅವರನ್ನು ಕಾರಿಗೆ ಹತ್ತಿಸಿಕೊಂಡು ಹೊರಟಳು. ಎಂಟಕ್ಕೆ ಹತ್ತು ನಿಮಿಷವಿರುವಾಗ ಅವರು ಆಸ್ಪತ್ರೆಯಲ್ಲಿದ್ದರು.

ಶನಿವಾರ ಬೆಳಿಗ್ಗೆ ನಾದೇಜ್ ಬಂದಾಗ ಕರಿಹಲಗೆ ತನ್ನ ಜಾಗದಲ್ಲಿತ್ತು. ಒಂದನೇ ನಂಬರಿನ ಎದುರು ಮೋದ್‌ಳ ಅಕ್ಷರದಲ್ಲಿ 'ಆರೂವರೆ' ಎಂದಿತ್ತು. ಕ್ಷಮೆ ಕೇಳುವ ಮಾತೂ ಇಲ್ಲ, ಬೆಳಗಿನ ಕೆಲಸ ಉಳಿಯಿತು ಎಂಬ ಘೋಷಣೆಯೂ ಇಲ್ಲ. ನಾದೇಜ್ ಹೋಗಿ ಎರಡು ಬಡಿದು, ಬಿಟ್ಟು ಒಂದು ಬಡಿದು, ಕಾಲಿನ ಸದ್ದಿಗೆ ಕಾದರು. ಅಚ್ಚು ಹಾಕಿಸಿದ ಕಾಗದಗಳ ಖಾಲಿ ಬೆನ್ನಿಗೆ ಈಗ ತರಕಾರಿ ಪಟ್ಟಿ ಬರೆಯುತ್ತಾರೆ. ಮೆಷೀನು ಮಾತ್ರ ಬಂದಿದೆ, ಮುಂಚೆಯೇ ಹೇಳಿಟ್ಟದ್ದು. ಅದನ್ನೂ ದಿನಾ ಒರೆಸುವವರು ಇವರೇ.

ಮೂರು ವಾರ ಕಳೆದು ಕಣ್ಣು ತೋರಿಸಲು ಬಂದ ಮದಾಮ್ ಯುಗೆತ್ ಮತ್ತೆ ನಾಲ್ಕನೇ ಕೋಣೆಯಲ್ಲೇ ಉಳಿದರು. ತಿಂಡಿಯ ಮೇಜಿನಲ್ಲಿ ನಾದೇಜರ ಮುಖವನ್ನು ಬಹಳ ಹೊತ್ತು ನೋಡಿದರು. "ಇಷ್ಟೇ ಇದ್ದೀರಾ ನೀವು?" ಎಂದರು. "ಆ ಸದ್ದು ಕೇಳಿ ನಾನು ಗುಡಾಣದಂಥ ಹೆಂಗಸು ಅಂದ್ಕೊಂಡಿದ್ದೆ." ಇದನ್ನು ನನಗೆ ಹೇಳುವಾಗ ನಾದೇಜರ ಮುಖ ಅರಳಿತ್ತು. ನನಗೂ ಹೆಮ್ಮೆಯಾಯಿತು, ಮುಚ್ಚಿಡುವುದೇಕೆ. ಚಪ್ಪಲಿ ಎಸೆದು ಇವರನ್ನು ಯಾಮಾರಿಸಲು ಹೋಗಿ ಸೋತವನು ನಾನು.

ನಿವೃತ್ತಿಗೆ ಇನ್ನು ಕೆಲವೇ ವರ್ಷ. ಅಷ್ಟರೊಳಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ನಾಲ್ಕೂ ಹೂಜಿಗಳನ್ನು ಒಂದೊಂದಾಗಿ ಬೋರಲು ಹಾಕಿದರು. ಇಪ್ಪತ್ತಾರು ವರ್ಷದಲ್ಲಿ ಈ ಹಾಸಿಗೆಗಳನ್ನು ಸಾವಿರಾರು ಸಲ ಹಾಸಿದ್ದೇನೆ, ಒಂದರಲ್ಲೂ ಮಲಗಿಲ್ಲ ಎಂದರು. ಏಳನೇ ಕೋಣೆಯ ಕಿಟಕಿಯಿಂದ ಎತ್ತುಗಳು ಹತ್ತಿರದಲ್ಲೇ ಕಾಣುತ್ತವಂತೆ. ಅಲ್ಲಿ ಒಂದು ರಾತ್ರಿ ಅತಿಥಿಯಾಗಿ ಮಲಗಬೇಕು, ಹಲಗೆಯ ಮೇಲೆ ಎಂಟು ಗಂಟೆ ಎಂದು ಬರೆಯಬೇಕು, ಬೇರೆ ಯಾರಾದರೂ ಬಂದು ಎಬ್ಬಿಸಬೇಕು. ಇಷ್ಟೇ ಆಸೆ.

ಕೌಂಟರಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ಮೋದ್ ತಲೆ ಎತ್ತಿದಳು. "ನಾನು ಎಬ್ಬಿಸ್ತೀನಿ ನಾದೇಜ್. ಯಾವತ್ತು ಬೇಕೋ ಹೇಳಿ."

ನಾದೇಜ್ ಅವಳ ಕಡೆ ನೋಡಿದರು, ಕೈ ಒರೆಸಿಕೊಂಡರು.

"ನಿಂಗೆ ಬಡಿಯೋಕೆ ಬರತ್ತೆ ಮರಿ. ಕಾಲು ನೆಲಕ್ಕೆ ತಾಗೋವರೆಗೆ ನಿಲ್ಲೋಕೆ ಬರತ್ತಾ?"