ದೋಣಿಯ ಮೂತಿಯ ಗಂಟು

ಮೊನ್ನೆ ಕಂಕನಾಡಿ ಮಾರ್ಕೆಟ್ಟಿನಲ್ಲಿ ಹೊಸ ತೆಂಗಿನ ನಾರಿನ ಹಗ್ಗದ ವಾಸನೆ ಮೂಗಿಗೆ ಬಡಿಯಿತು. ತರಕಾರಿಗೆಂದು ಹೋದವಳು, ಬಟ್ಟೆ ಒಣಗಿಸಲು ಬೇಕೆಂಬ ನೆಪದಲ್ಲಿ ಒಂದು ಕಟ್ಟು ಹಗ್ಗ ಕೊಂಡೆ. ಆ ವಾಸನೆ ಪಕ್ಕದ ಮನೆಯ ಮಾವನದು...

ಮಾವ ದುಬೈಯಲ್ಲಿ ಬೋಟ್ ರಿಪೇರಿ ಮಾಡುತ್ತಿದ್ದವರು. ಊರಿಗೆ ಬಂದು ಎಲ್ಲರಂತೆ ಬಿಲ್ಡಿಂಗ್ ಕಟ್ಟಿಸದೆ ಒಂದು ಸಣ್ಣ ಹಾಯಿದೋಣಿ ತೆಗೆದುಕೊಂಡರು. "ಹುಚ್ಚಿಗೆ ಮದ್ದುಂಟಾ?" ಎನ್ನುತ್ತಿದ್ದರು ಅತ್ತೆ. ಅವರ ಪಾಲಿಗೆ ಅದು ಸವತಿ.

ಭಾನುವಾರ ಕೂಳೂರು ಹೊಳೆಯಲ್ಲಿ ಒಂದು ಸುತ್ತು. ಬಿಡುವಿದ್ದರೆ ನಾನೂ ಹೋಗುತ್ತಿದ್ದೆ. ಸುತ್ತಿಗಿಂತ ದೋಣಿಯನ್ನು ಟ್ರೈಲರಿಗೆ ಏರಿಸುವುದೇ ದೊಡ್ಡ ಸಂಭ್ರಮ. ಜೀಪಿನ ಹಿಂದಿನ ಟ್ರೈಲರನ್ನು ನೀರಿಗಿಳಿಸಿ, ದೋಣಿಯನ್ನು ಎಳೆದು ಕೂರಿಸಿ, ಹಾಯಿಕಂಬ ಮಲಗಿಸಿ, ಬೆಲ್ಟು ಬಿಗಿದು, ಕೊನೆಗೆ ಮೂತಿಗೆ ನಾರಿನ ಹಗ್ಗದ ಒಂದು ಗಂಟು. ಆಮೇಲೆ ದೋಣಿಯನ್ನು ಹಿಡಿದು ಅಲುಗಿಸುತ್ತಿದ್ದರು. ದೋಣಿಯೊಂದೇ ಅಲುಗಿದರೆ ಮೊದಲಿನಿಂದ ಪುನಃ. ಟ್ರೈಲರೂ ಜೀಪೂ ಕೂಡಿ ಅಲುಗಿದರೆ, "ಈಗ ಹೊರಡುವ" ಎನ್ನುತ್ತಿದ್ದರು. ಆ ಗಂಟು ಬಿಚ್ಚಲು ಅವರೊಬ್ಬರಿಗೇ ಬರುತ್ತಿತ್ತು. ನಾನು ಉಗುರು ಮುರಿದುಕೊಂಡದ್ದೇ ಲಾಭ.

ಮಾವನ ಕಣ್ಣು ಮಂಜಾದ ಮೇಲೆ ದೋಣಿ ಮಾರಬೇಕಾಯಿತು. ಕಾರವಾರ ಕಡೆಯ ತರುಣನೊಬ್ಬ ಒಯ್ಯಲು ಬಂದ. ಅವತ್ತು ಮಾವ ಯಾರನ್ನೂ ಹತ್ತಿರ ಬಿಡದೆ, ತಡವಿ ತಡವಿ ತಾವೇ ಗಂಟು ಹಾಕಿದರು.

"ಬಿಚ್ಚುವುದು ಹೇಗೆ ಅಂತ ಅವರಿಗೆ ತೋರಿಸಿ ಮಾವ," ಎಂದೆ.

"ನೀನು ಸುಮ್ಮನಿರು ಮಗಾ," ಎಂದರು ಮೆಲ್ಲಗೆ. "ಬಿಚ್ಚಲಿಕ್ಕೆ ಆಗದಿದ್ರೆ ಫೋನ್ ಮಾಡ್ತಾರೆ. ನಾನು ಹೋಗಿ ಬಿಚ್ಚಿ ಕೊಡ್ತೇನೆ. ಹಾಗೇ ಒಂದು ರೌಂಡ್ ಕೂತ್ಕೊಳ್ಳಲಿಕ್ಕೂ ಆಗ್ತದಲ್ಲ."

ನನಗೆ ನಗು ಬಂತು. ಅತ್ತೆ ನಗಲಿಲ್ಲ. ಮರುದಿನವೇ ಮಾವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ತೂಗುಹಾಕಿದರು.

ಫೋನ್ ಬರಲಿಲ್ಲ... ಸ್ನಾನಕ್ಕೆ ಹೋಗುವಾಗಲೂ ಮಾವ ಮೊಬೈಲನ್ನು ಅತ್ತೆಯ ಕೈಗೆ ಕೊಟ್ಟು ಹೋಗುತ್ತಿದ್ದರು. ಕಡೆಗೆ ತಡೆಯಲಾರದೆ ನನ್ನಿಂದಲೇ ಫೋನ್ ಮಾಡಿಸಿ, ಸ್ಪೀಕರಿನಲ್ಲಿ ತಾವೇ ಮಾತಾಡಿದರು. ಆ ತರುಣ ಬಹಳ ಮರ್ಯಾದೆಯಿಂದ ಹೇಳಿದ: "ಏನೂ ತೊಂದ್ರೆ ಆಗ್ಲಿಲ್ಲ ಅಂಕಲ್. ಹಗ್ಗ ಅಲ್ವಾ, ಅವತ್ತೇ ಕತ್ತರಿಸಿದ್ವಿ."

"ಒಳ್ಳೇದಾಯ್ತು," ಎಂದರು ಮಾವ.

ಅವನ ತಪ್ಪೇನೂ ಇಲ್ಲ. ಆದರೂ ಅವನ ಮೇಲೆ ನನಗೆ ಈಗಲೂ ಸಿಟ್ಟು. ಅಂಗಿ ಹಾಗೇ ತೂಗಿಕೊಂಡಿತ್ತು. ಮಾವನನ್ನು ಕೊನೆಯದಾಗಿ ಕಳಿಸಿಕೊಡುವ ದಿನ ಅತ್ತೆ ತೊಡಿಸಲು ಅದನ್ನೇ ತಂದುಕೊಟ್ಟರು.

ಮೊನ್ನೆ ತಂದ ಹಗ್ಗವನ್ನು ಬಾಲ್ಕನಿಯಲ್ಲಿ ಅಡ್ಡಲಾಗಿ ಎಳೆದು ಸರಳಿಗೆ ಕಟ್ಟಿದೆ. ಕೈಗೆ ನೆನಪಿತ್ತೋ ಏನೋ, ಅದೇ ಗಂಟು ಬಿತ್ತು. ಅಲುಗಿಸಿದರೆ ಸರಳೂ ಅಲುಗಿತು.

"ಬಾಗಿಲಿಗೆ ಅಡ್ಡ ಆಗ್ತದೆ ಮಾರಾಯ್ತಿ, ಬಿಚ್ಚು," ಎಂದರು ನನ್ನವರು. ಎಷ್ಟು ಗುದ್ದಾಡಿದರೂ ಬಿಚ್ಚಲಾಗಲಿಲ್ಲ. ಅವರು ಅಡುಗೆಮನೆಯಿಂದ ಕತ್ತಿ ತಂದರು.

"ಬೇಡ," ಎಂದೆ. "ನಾವು ಬಗ್ಗಿ ಹೋಗುವ."